ಕಾಲೇಜಿನ ಖರ್ಚು: ಒಂದು ಲೆಕ್ಕದ ಪಾಠ



ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಉಚಿತ ವಾಚನಾಲಯದ ಮೇಜಿನ ಸುತ್ತ ಓದುವವರಿಗಿಂತ ಮಾತಾಡುವವರೇ ಹೆಚ್ಚು. ‘ಮೌನವಾಗಿರಿ’ ಎಂಬ ಫಲಕವನ್ನು ನಾವೇ ಬರೆದು ತೂಗುಹಾಕಿದ್ದೇವೆ. ಆದರೆ ಆ ದಿನಗಳಲ್ಲಿ ಅದನ್ನು ಬೊಟ್ಟುಮಾಡಿ ತೋರಿಸುವ ಧೈರ್ಯ ನಮಗಾಗುವುದಿಲ್ಲ. ಮಗನನ್ನು ಕಾಲೇಜಿಗೆ ಹಾಕಬೇಕೋ ಕೆಲಸಕ್ಕೆ ಹಚ್ಚಬೇಕೋ ಎಂದು ಕೇಳಲು ಬಂದ ತಂದೆಗೆ ‘ಸುಮ್ಮನಿರಿ’ ಎನ್ನುವುದು ಹೇಗೆ?

ಕಳೆದ ಸಲ ಹೀಗೆ ಬಂದವರು ಇಂಡಿ ತಾಲೂಕಿನ ಒಬ್ಬ ಗೌಂಡಿ ಕಾಕಾ. ಇಪ್ಪತ್ತು ವರ್ಷಗಳಿಂದ ಕಲ್ಯಾಣದಲ್ಲಿದ್ದಾರೆ. ಮುಂಜಾನೆ ನಾಕಾದ ಮೇಲೆ ನಿಂತು ಕೆಲಸ ಹಿಡಿಯುವವರು. ಅವರೆಂದರು: “ಮಾಸ್ತರ, ಹುಡುಗ ಕಾಲೇಜಿಗಿ ಹೋಗ್ತೀನಂತಾನ. ಮೂರು ವರ್ಷ ಅವನ ಹೊಟ್ಟೀನೂ ನಾನೇ ತುಂಬಬೇಕು, ಮ್ಯಾಲ ಫೀನೂ ನಾನೇ ಕಟ್ಟಬೇಕು. ಆಮ್ಯಾಲ ನೌಕರಿ ಯಾರು ಕೊಡ್ತಾರ?”

ಅಲ್ಲೇ ಪತ್ರಿಕೆ ಹಿಡಿದು ಕುಳಿತಿದ್ದ ಹೋಟೇಲಿನ ಗಲ್ಲೆಯವರು, ಕುಂದಾಪುರದ ಕಡೆಯವರು, ತಲೆಯೆತ್ತದೆಯೇ ಹೇಳಿದರು: “ನಮ್ಮ ಮಾಣಿ ಬಿ.ಕಾಂ. ಮಾಡಿದ ಮಾರಾಯ್ರೇ. ಈಗ ಬೈಕಲ್ಲಿ ಊಟದ ಪೊಟ್ಟಣ ಹಂಚ್ತಾ ಇದ್ದಾನೆ.”

ಇಬ್ಬರ ಮಾತೂ ಸುಳ್ಳಲ್ಲ. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಈ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ನಾವು ಪಂಡಿತರಲ್ಲ. ಹಿಂದಿನವರ ಮಾತಿನಲ್ಲಿ ಹೇಳುವುದಾದರೆ ಮೆಟ್ರಿಕ್ ಮಾತ್ರ ಪಾಸಾದವರು. ಆದರೆ ಗಿರಣಿಯ ಕಚೇರಿಯಲ್ಲಿ ತಿಂಗಳು ತಿಂಗಳೂ ಪಗಾರ ಪಟ್ಟಿ ತಯಾರಿಸುವುದು ನಮ್ಮ ಕೆಲಸ. ಯಾರು ಎಷ್ಟು ಓದಿದ್ದಾರೆ, ಯಾರ ಕೈಗೆ ಎಷ್ಟು ಬೀಳುತ್ತದೆ ಎಂಬ ಎರಡು ಕಾಲಮುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಮೊದಲು ಖರ್ಚಿನ ಲೆಕ್ಕ. ‘ಕಾಲೇಜಿನ ಖರ್ಚು’ ಎಂದ ಕೂಡಲೇ ನಮ್ಮವರ ಕಣ್ಣಿಗೆ ಬೀಳುವುದು ಫೀ. ವಾಸ್ತವದಲ್ಲಿ ಅದೊಂದು ಸಣ್ಣ ಬಾಬತ್ತು. ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ನಾವು ಹಿಡಿದವು, ನಿಮ್ಮ ಮನೆಯ ಅಂಕಿ ಬೇರೆ ಇದ್ದರೆ ಅವನ್ನೇ ಹಾಕಿಕೊಳ್ಳಿ. ಅನುದಾನಿತ ಕಾಲೇಜಿನಲ್ಲಿ ಬಿ.ಕಾಂ. ಓದಲು ವರ್ಷಕ್ಕೆ ಎಲ್ಲ ಸೇರಿ 12,000 ರೂಪಾಯಿ ಫೀ ಎನ್ನೋಣ. 3 ವರ್ಷಕ್ಕೆ 36,000 ಆಯಿತು. ಪುಸ್ತಕ, ಲೋಕಲ್ ಗಾಡಿಯ ಪಾಸು, ಪರೀಕ್ಷೆ, ಬಟ್ಟೆಬರೆ ಎಂದು ವರ್ಷಕ್ಕೆ 10,000, ಅಂದರೆ 30,000. ಎರಡೂ ಕೂಡಿ 66,000. ಇಷ್ಟೇ ಆಗಿದ್ದರೆ ಕಾಕಾ ಅಷ್ಟು ಚಿಂತಿಸಬೇಕಾಗಿರಲಿಲ್ಲ.

ಆದರೆ ಅದೇ ಹುಡುಗ ಓದದೆ ಅಂಗಡಿಯಲ್ಲೋ ಗೋದಾಮಿನಲ್ಲೋ ತಿಂಗಳಿಗೆ 14,000 ದುಡಿಯುತ್ತಿದ್ದ ಎನ್ನಿ. 36 ತಿಂಗಳಿಗೆ 5,04,000 ರೂಪಾಯಿ ಮನೆಗೆ ಬರುತ್ತಿತ್ತು, ಈಗ ಬರುವುದಿಲ್ಲ. ಇದನ್ನು ನಾವು ‘ಕೈಬಿಟ್ಟ ಪಗಾರ’ ಎಂದು ಕರೆಯೋಣ. ಯಾವ ರಸೀದಿಯಲ್ಲೂ ಕಾಣದ ಖರ್ಚು ಇದು. ಎರಡನ್ನೂ ಕೂಡಿಸಿದರೆ ಪದವಿಯ ನಿಜವಾದ ಬೆಲೆ 5,70,000 ರೂಪಾಯಿ. ಅದರಲ್ಲಿ ಫೀ ಹದಿನಾರರಲ್ಲಿ ಒಂದು ಪಾಲು ಮಾತ್ರ. ಊಟದ ಖರ್ಚನ್ನು ನಾವು ಇದರಲ್ಲಿ ಸೇರಿಸಿಲ್ಲ. ಓದಲಿ, ದುಡಿಯಲಿ, ಹುಡುಗ ಉಣ್ಣಲೇಬೇಕಷ್ಟೆ.

ಇನ್ನು ಆದಾಯ. ಪದವಿ ಪಡೆದ ಮೇಲೆ ಅವನಿಗೆ, ಪದವಿ ಇಲ್ಲದಿದ್ದರೆ ಸಿಗುತ್ತಿದ್ದುದಕ್ಕಿಂತ ತಿಂಗಳಿಗೆ 3,000 ರೂಪಾಯಿ ಹೆಚ್ಚು ಸಿಕ್ಕಿತೆನ್ನೋಣ, ವರ್ಷಕ್ಕೆ 36,000. ಹಾಕಿದ 5,70,000 ತಿರುಗಿ ಬರಲು, ಬಡ್ಡಿಯನ್ನು ಬಿಟ್ಟೂ, ಸುಮಾರು 16 ವರ್ಷ ಬೇಕು. ಕಾಕಾನ ಮುಖ ಇಲ್ಲಿ ಸಪ್ಪಗಾಯಿತು. ಗಲ್ಲೆಯವರು “ನಾನು ಹೇಳಲಿಲ್ವಾ” ಎಂಬಂತೆ ಪತ್ರಿಕೆಯ ಪುಟ ತಿರುಗಿಸಿದರು.

ಆದರೆ ಪಾಠ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಹುಡುಗ ಮುಂಜಾನೆಯ ಕಾಲೇಜಿಗೆ ಹೋಗಿ ಮಧ್ಯಾಹ್ನದಿಂದ ಎಲ್ಲಾದರೂ 8,000ಕ್ಕೆ ದುಡಿದರೆ ಕೈಬಿಟ್ಟ ಪಗಾರ ತಿಂಗಳಿಗೆ 6,000ಕ್ಕೆ ಇಳಿಯುತ್ತದೆ. ಮೂರು ವರ್ಷಕ್ಕೆ 2,16,000. ಅದಕ್ಕೆ 66,000 ಕೂಡಿಸಿ: 2,82,000. ಅದೇ 3,000ದ ಹೆಚ್ಚಳದಿಂದ ಇದು ಎಂಟು ವರ್ಷದೊಳಗೆ ತೀರುತ್ತದೆ. ಇನ್ನು ಪೂರ್ಣ ಕೆಲಸದಲ್ಲೇ ಇದ್ದು ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದರೆ ಕೈಬಿಟ್ಟ ಪಗಾರವೇ ಇಲ್ಲ. ಮೂರು ವರ್ಷಕ್ಕೆ 30,000 ಖರ್ಚೆಂದು ಹಿಡಿದರೆ ಹತ್ತು ತಿಂಗಳಲ್ಲಿ ಬಂಡವಾಳ ಕೈಸೇರಿತು. ಪದವಿ ಒಂದೇ, ಬೆಲೆ ಮಾತ್ರ ಮೂರು. ‘ಕಾಲೇಜು ಲಾಭವೇ?’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಇದಕ್ಕೇ. ಯಾವ ದಾರಿಯಿಂದ, ಯಾವ ಬೆಲೆಗೆ ಎಂದು ಸೇರಿಸಿ ಕೇಳಬೇಕು.

ದುಡಿಯುತ್ತ ಓದುವ ದಾರಿ ನಮ್ಮ ಮುಂಬಯಿಗೆ ಹೊಸದಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ರಾತ್ರಿ ಶಾಲೆ ನಡೆಸಿದ್ದನ್ನು, ಹಗಲು ಹೋಟೇಲಿನಲ್ಲಿ ದುಡಿದು ರಾತ್ರಿ ಬೆಂಚಿನ ಮೇಲೆ ಕುಳಿತ ಹುಡುಗರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇವೆ. ಕಾಲೇಜಿನ ಮಟ್ಟದಲ್ಲಿ ಈ ವಿಚಾರವನ್ನು ಆಳವಾಗಿ ಮಾಡಿದವರು ಡಾ. ಬಾಬಾಸಾಹೇಬ ಅಂಬೇಡ್ಕರರು. ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಸಿದ್ಧಾರ್ಥ ಕಾಲೇಜು 1946ರ ಜೂನ್ 20ರಂದು ಮುಂಬಯಿಯಲ್ಲಿ ಆರಂಭವಾಯಿತು. ನೌಕರಿ ಮಾಡುವವರೂ ಓದಲಿ ಎಂದು ಅಲ್ಲಿ ಮುಂಜಾನೆಯೇ ತರಗತಿಗಳು ನಡೆದವು.

ಅಂಬೇಡ್ಕರರಿಗೆ ಈ ಬೆಲೆಯ ಅರಿವು ಸ್ವಂತ ಅನುಭವದ್ದು. 1913ರಲ್ಲಿ ಅವರು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ. ಅದಕ್ಕೆ ಪ್ರತಿಯಾಗಿ ಆ ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಮಾಡುವ ಕರಾರಿತ್ತು. ಕರಾರಿನಂತೆ 1917ರಲ್ಲಿ ಬರೋಡೆಗೆ ಹೋದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಇರಲು ಮನೆಯೇ ದೊರೆಯದೆ ಹಿಂದಿರುಗಬೇಕಾಯಿತು. ಆಮೇಲೆ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಪಗಾರದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಒಬ್ಬ ಪಾರಸಿ ಗೆಳೆಯರು ಕೊಟ್ಟ ಸಾಲ, ಈ ಮೂರನ್ನೂ ಕೂಡಿಸಿಕೊಂಡು 1920ರಲ್ಲಿ ಲಂಡನ್ನಿಗೆ ಮರಳಿ ಓದು ಮುಂದುವರಿಸಿದರು. ಓದು ನಡುವೆ ನಿಂತಿತ್ತು, ಬಿಟ್ಟುಹೋಗಿರಲಿಲ್ಲ. ಈ ವ್ಯತ್ಯಾಸವನ್ನು ಮುಂದೆ ಮತ್ತೆ ಹೇಳುವುದಿದೆ.

ನಮ್ಮ ಈ ಕಡೆಯ ಹುಡುಗರಿಗೆ ಹಿಂದೆ ಇನ್ನೊಂದು ಖರ್ಚಿತ್ತು, ದೂರ. ಕಲ್ಯಾಣದಿಂದ ಬೋರಿಬಂದರಿಗೆ ಸುಮಾರು 54 ಕಿಲೋಮೀಟರು, ಡೊಂಬಿವಲಿಯಿಂದ 48, ಠಾಣೆಯಿಂದ 34. ಹೋಗಿ ಬರುವುದರಲ್ಲೇ ಅರ್ಧ ದಿನ ಸವೆಯುತ್ತಿತ್ತು. ಠಾಣೆಯಲ್ಲಿ 1969ರಲ್ಲಿ ಜೋಶಿ-ಬೇಡೇಕರ ಕಾಲೇಜು, ಕಲ್ಯಾಣದಲ್ಲಿ 1972ರಲ್ಲಿ ಬಿರ್ಲಾ ಕಾಲೇಜು ಆರಂಭವಾದ ಮೇಲೆ ಆ ಸವೆತ ಕಡಿಮೆಯಾಯಿತು. ಡೊಂಬಿವಲಿಯಲ್ಲಿ ನಮ್ಮವರದೇ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೂ ಕಾಮರ್ಸ್ ಕಾಲೇಜನ್ನೂ ಕಟ್ಟಿದೆ. ಹತ್ತಿರದ ಕಾಲೇಜು ಎಂದರೆ ಕಡಿಮೆ ದರ್ಜೆಯದು ಎಂಬ ಭ್ರಮೆ ಕೆಲವರಿಗಿದೆ. ದಿನಕ್ಕೆ ಮೂರು ಗಂಟೆ ಗಾಡಿಯ ಬಾಗಿಲಲ್ಲಿ ಜೋತಾಡಿ ಹೆಸರಾಂತ ಕಾಲೇಜು ಮುಟ್ಟುವ ಹುಡುಗನಿಗಿಂತ, ಆ ಮೂರು ಗಂಟೆ ದುಡಿಯುವ ಅಥವಾ ಓದುವ ಹುಡುಗ ಮುಂದೆ ಬರುವುದನ್ನು ನಾವು ಹೆಚ್ಚು ಕಂಡಿದ್ದೇವೆ.

ಇರಲಿ. ಪದವಿಯಿಂದ ಪಗಾರ ಏಕೆ ಹೆಚ್ಚಬೇಕು? ಅರ್ಥಶಾಸ್ತ್ರಜ್ಞರಲ್ಲಿ ಇದಕ್ಕೆ ಎರಡು ಮತಗಳಿವೆ. 1964ರಲ್ಲಿ ಗ್ಯಾರಿ ಬೆಕರ್ ಎಂಬ ಅಮೆರಿಕನ್ ವಿದ್ವಾಂಸರು, ಓದು ಮನುಷ್ಯನಲ್ಲಿ ಹೂಡಿದ ಬಂಡವಾಳ ಎಂದು ಪುಸ್ತಕ ಬರೆದರು. ಗಿರಣಿಗೆ ಹೊಸ ಮಗ್ಗ ತಂದಂತೆ, ಓದಿದವನ ಕೈಯಿಂದ ಹೆಚ್ಚು ಕೆಲಸ ಆಗುತ್ತದೆ, ಅದಕ್ಕೆ ಹೆಚ್ಚು ಪಗಾರ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಎಂಬವರು ಇನ್ನೊಂದು ಮಾತು ಹೇಳಿದರು. ಕೆಲಸ ಕೇಳಿ ಬಂದವನ ಒಳಗೇನಿದೆ ಎಂದು ಮಾಲೀಕನಿಗೆ ಕಾಣದು. ಮೂರು ವರ್ಷ ಸಹನೆಯಿಂದ ಕುಳಿತು ಪರೀಕ್ಷೆ ಮುಗಿಸಿದ್ದಾನೆಂಬುದು ಒಂದು ಗುರುತಿನ ಚೀಟಿ, ಅದನ್ನು ನೋಡಿ ಒಳಗೆ ಬಿಡುತ್ತಾನೆ. ಇಬ್ಬರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಪಾರಿತೋಷಕ ಬಂತು. ಗುಮಾಸ್ತರ ಲೋಕದ ಮಟ್ಟಿಗೆ ನಮಗೆ ಎರಡನೆಯವರ ಮಾತೇ ಹೆಚ್ಚು ನಿಜವೆನಿಸುತ್ತದೆ.

ಬ್ಯಾಂಕುಗಳನ್ನೇ ನೋಡಿ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ನಾಲ್ಕೂ ಅವಿಭಜಿತ ದಕ್ಷಿಣ ಕನ್ನಡದಲ್ಲೇ ಹುಟ್ಟಿದವು. ಆ ಕಾಲದಲ್ಲಿ ಮೆಟ್ರಿಕ್ ಪಾಸಾದ ಎಷ್ಟೋ ಕರಾವಳಿಯ ಹುಡುಗರು ಇವುಗಳ ಕೌಂಟರಿನ ಹಿಂದೆ ಕುಳಿತು, ಮನೆ ಕಟ್ಟಿ, ಪಿಂಚಣಿಯನ್ನೂ ಪಡೆದರು. ಇಂದು ಆ ನಾಲ್ಕರಲ್ಲಿ ಕೆನರಾ ಒಂದೇ ತನ್ನ ಹೆಸರಿನಿಂದ ಉಳಿದಿದೆ. ವಿಜಯಾ 2019ರಲ್ಲಿ, ಉಳಿದೆರಡು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಸರ್ಕಾರಿ ಬ್ಯಾಂಕಿನ ಗುಮಾಸ್ತೆಯ ಪರೀಕ್ಷೆಗೆ ಕೂರಲೂ ಈಗ ಪದವಿ ಬೇಕು. ನೋಟು ಎಣಿಸುವ, ಲೆಡ್ಜರು ತುಂಬುವ ಕೆಲಸ ಯಂತ್ರಕ್ಕೆ ಹೋಗಿ ಸುಲಭವಾಯಿತು, ಬಾಗಿಲಿನ ಚೀಟಿ ಮಾತ್ರ ದೊಡ್ಡದಾಯಿತು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇವೆ. ಆದರೆ ಬಾಗಿಲು ಕಾಯುವವರು ನಾವಲ್ಲ.

ಚೀಟಿ ಎಲ್ಲರ ಕೈಗೂ ಬಂದಾಗ ಅದರ ಬೆಲೆ ಇಳಿಯುವುದೂ ಸಹಜ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಕೂಡಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ತರುಣರಲ್ಲಿ ನೂರಕ್ಕೆ 29.1 ಮಂದಿ ನಿರುದ್ಯೋಗಿಗಳು. ಓದುಬರಹ ಬಾರದ ತರುಣರಲ್ಲಿ ಕೇವಲ 3.4. ಇದನ್ನು ಹಿಡಿದು ‘ಓದಿದರೆ ಕೆಲಸ ಸಿಗದು’ ಎಂದು ಸಾರುವವರುಂಟು. ಸ್ವಲ್ಪ ನಿಂತು ಯೋಚಿಸಬೇಕು. ಓದದವನಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲವೇ ಇಲ್ಲ. ನಾಕಾದ ಮೇಲೆ 700 ಸಿಗದಿದ್ದರೆ 400ಕ್ಕಾದರೂ ಹೋಗುತ್ತಾನೆ. ಪದವೀಧರ ತನಗೆ ತಕ್ಕ ಕೆಲಸ ಬರಲೆಂದು ಕಾಯುತ್ತಾನೆ, ಕಾಯಲು ಮನೆಯಲ್ಲಿ ಅನ್ನ ಇರುತ್ತದೆ. ಆದರೂ ನೂರಕ್ಕೆ 29 ಎಂಬುದು ಸಣ್ಣ ಸಂಖ್ಯೆಯಲ್ಲ. ಪದವಿ ಮುಗಿದ ಮೇಲೆ ಕಾಯುವ ಒಂದು ವರ್ಷವನ್ನೂ ಕೈಬಿಟ್ಟ ಪಗಾರಕ್ಕೆ ಸೇರಿಸಿಕೊಂಡು ಲೆಕ್ಕ ಹಾಕುವುದು ಜಾಣತನ.

ಹಾಗಾದರೆ ನಮ್ಮ ಪಗಾರ ಪಟ್ಟಿ ಏನು ಹೇಳುತ್ತದೆ? ಮೊದಲ ಐದು ವರ್ಷ ಪದವೀಧರ ಗುಮಾಸ್ತನಿಗಿಂತ ಐ.ಟಿ.ಐ. ಮಾಡಿದ ಎಲೆಕ್ಟ್ರಿಶಿಯನ್ನನ ಕೈಗೇ ಹೆಚ್ಚು ಬೀಳುತ್ತದೆ, ಪಾಳಿಯ ಭತ್ಯೆ, ಓವರ್‌ಟೈಮು ಸೇರಿ. ಇದನ್ನು ಬಹಳ ಜನ ನಂಬುವುದಿಲ್ಲ. ನಮ್ಮ ಮಂದಿಯಲ್ಲಿ ಎಣ್ಣೆ ಹತ್ತಿದ ಕೈಯೆಂದರೆ ಒಂದು ಬಗೆಯ ಕೀಳು ಭಾವನೆ, ಬಿಳಿ ಅಂಗಿಯೆಂದರೆ ಮೋಹ. ನಾವೂ ಬಿಳಿ ಅಂಗಿಯವರೇ. ಆದ್ದರಿಂದ ಇದನ್ನು ಹೇಳುವ ಹಕ್ಕು ನಮಗಿದೆ.

ಅಂಬರನಾಥದಲ್ಲಿ, ಠಾಣೆಯಲ್ಲಿ ಸರ್ಕಾರಿ ಐ.ಟಿ.ಐ. ಇವೆ. ಫೀ ಅತ್ಯಲ್ಪ. ಫಿಟ್ಟರ್, ಎಲೆಕ್ಟ್ರಿಶಿಯನ್‌ನಂಥ ಕಸುಬುಗಳಿಗೆ 2 ವರ್ಷ, ವೆಲ್ಡರಿಗೆ 1 ವರ್ಷ. ಮುಗಿದ ಮೇಲೆ 1961ರ ಶಿಶಿಕ್ಷು ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಲಿಯುತ್ತಲೇ ವೇತನ ಪಡೆಯಬಹುದು. 2019ರ ತಿದ್ದುಪಡಿ ಆ ಕನಿಷ್ಠ ವೇತನವನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿಯವರೆಗೆ ಏರಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದೆಂದರೆ ಐ.ಟಿ.ಐ. ಒಂದು ಮುಚ್ಚಿದ ಓಣಿಯಲ್ಲ. ಅಲ್ಲಿಂದ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದ ಮೇಲೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ನೇರ ಪ್ರವೇಶದ ದಾರಿಯುಂಟು. ಕೈಯಲ್ಲಿ ಕಸುಬು ಹಿಡಿದೇ ಮೆಟ್ಟಿಲು ಹತ್ತಬಹುದು.

ಆದರೆ ಪಟ್ಟಿಯನ್ನು ಹತ್ತು ವರ್ಷ ಹಿಂದಕ್ಕೂ ಮುಂದಕ್ಕೂ ತಿರುವಿದರೆ ಬೇರೆ ಚಿತ್ರ ಕಾಣುತ್ತದೆ. ಇಲ್ಲಿ ಸ್ವಲ್ಪ ನಮ್ಮ ಸ್ವಂತ ಮಾತು ಬರುತ್ತದೆ, ವಾಚಕರು ಕ್ಷಮಿಸಬೇಕು.

ನಾವು ಹದಿನೇಳನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದವರು. ಮೊದಲು ಗಿರಣಿಯ ಕ್ಯಾಂಟೀನು, ಆಮೇಲೆ ಹಾಜರಿ ಬರೆಯುವುದು, ಆಮೇಲೆ ಕಚೇರಿಯ ಮೇಜು. ಇಪ್ಪತ್ತೈದರಲ್ಲಿ ಬುದ್ಧಿ ಬಂದು, ಹನ್ನೆರಡನೆಯದು ಇಲ್ಲದವರಿಗೆಂದು ಇದ್ದ ಪೂರ್ವಸಿದ್ಧತಾ ಪರೀಕ್ಷೆ ಪಾಸು ಮಾಡಿ, ಮುಕ್ತ ವಿಶ್ವವಿದ್ಯಾಲಯವೊಂದರ ಬಿ.ಕಾಂ.ಗೆ ಹೆಸರು ನೋಂದಾಯಿಸಿದೆವು. ಮೊದಲ ವರ್ಷ ಪಾಸಾಯಿತು. ಎರಡನೆಯ ವರ್ಷ ಮದುವೆ, ಬಾಡಿಗೆಯ ಖೋಲಿ, ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರವರೆಗೆ ಕಚೇರಿ. ಒಂದು ಪರೀಕ್ಷೆಗೆ ರಜೆ ಸಿಗಲಿಲ್ಲ, ಇನ್ನೊಂದಕ್ಕೆ ಓದಿರಲಿಲ್ಲ. ‘ಬರುವ ವರ್ಷ ನೋಡೋಣ’ ಎಂದೆವು. ನೋಂದಣಿಯ ಅವಧಿಯೇ ಮುಗಿದುಹೋಯಿತು. ಪುಸ್ತಕಗಳು ಇನ್ನೂ ಟ್ರಂಕಿನಲ್ಲಿವೆ.

ಆ ವರ್ಷವೇ ಕಚೇರಿಗೆ ಒಬ್ಬ ಪದವೀಧರ ಹುಡುಗ ಬಂದ. ಭವಿಷ್ಯನಿಧಿಯ ಲೆಕ್ಕ ಹೇಗೆ, ವಿಮೆಯ ಕಡಿತ ಹೇಗೆ ಎಂದು ಅವನಿಗೆ ಕಲಿಸಿದವರು ನಾವೇ. ಬಂದಾಗ ಅವನ ಪಗಾರ ನಮಗಿಂತ ಕಡಿಮೆ. ಐದನೆಯ ವರ್ಷ ಸಮವಾಯಿತು. ಅಧಿಕಾರಿಯ ಹುದ್ದೆ ಖಾಲಿಯಾದಾಗ ‘ಪದವಿ ಕಡ್ಡಾಯ’ ಎಂದು ಸೂಚನಾ ಫಲಕದಲ್ಲಿ ಹಚ್ಚಿದರು. ಇಂದು ನಮ್ಮ ರಜೆಯ ಅರ್ಜಿಗೆ ಸಹಿ ಹಾಕುವವನು ಅವನೇ. ಹುಡುಗ ಒಳ್ಳೆಯವನು, ಈಗಲೂ ‘ಅಣ್ಣಾ’ ಎಂದೇ ಕರೆಯುತ್ತಾನೆ. ಆದರೂ ಅವನ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತಾಗ ಟ್ರಂಕು ನೆನಪಾಗುತ್ತದೆ.

ಇದರಿಂದ ಎರಡು ಸಂಗತಿ ತಿಳಿಯಿತು. ಒಂದು, ಪದವಿಯ ಲಾಭ ಮೊದಲ ಪಗಾರದಲ್ಲಿ ಕಾಣುವುದಿಲ್ಲ, ಹತ್ತನೆಯ ವರ್ಷದ ಪಗಾರದಲ್ಲಿ ಕಾಣುತ್ತದೆ. ಮೈಗೆಲಸದವನ ಪಗಾರ ಹರೆಯದಲ್ಲಿ ಏರಿ ಮೊಣಕಾಲು ನೋಯತೊಡಗಿದ ಮೇಲೆ ಇಳಿಯುತ್ತದೆ. ಕಾಗದದ ಕೆಲಸದವನದು ನಿಧಾನವಾಗಿ ಏರುತ್ತ ಹೋಗುತ್ತದೆ. ಆದ್ದರಿಂದ ನಾವು ಮೇಲೆ ಹಾಕಿದ 3,000ದ ಲೆಕ್ಕ ಮೊದಮೊದಲು ಹೆಚ್ಚಾಯಿತೇನೋ, ಕೊನೆಕೊನೆಗೆ ಕಡಿಮೆಯಾಯಿತು. ಎರಡನೆಯದು ಇದಕ್ಕಿಂತ ಕಹಿ: ಅರ್ಧ ಪದವಿಗೆ ಅರ್ಧ ಬೆಲೆ ಸಿಗುವುದಿಲ್ಲ. ಏನೂ ಸಿಗುವುದಿಲ್ಲ. ಪೂರ್ಣಕಾಲ ಕಾಲೇಜಿಗೆ ಹೋಗಿ ಎರಡು ವರ್ಷಕ್ಕೆ ಬಿಟ್ಟ ಹುಡುಗನ ಲೆಕ್ಕ ಹಾಕಿ ನೋಡಿ: ಕೈಬಿಟ್ಟ ಪಗಾರ 3,36,000, ಖರ್ಚು 44,000, ಒಟ್ಟು 3,80,000 ರೂಪಾಯಿ, ಕೈಯಲ್ಲಿ ಚೀಟಿ ಇಲ್ಲ. ಓದದೇ ಇದ್ದವನಿಗಿಂತ ಇವನೇ ಹೆಚ್ಚು ಕಳೆದುಕೊಂಡ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಗಾಯಕ್ಕೆ ಒಂದು ಮದ್ದು ಹುಡುಕಿದೆ. ಒಂದು ವರ್ಷಕ್ಕೆ ಬಿಟ್ಟರೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಗಳಿಸಿದ ಅಂಕಗಳನ್ನು ಬ್ಯಾಂಕಿನಲ್ಲಿ ಇಟ್ಟಂತೆ ಇಟ್ಟು ಮುಂದೆ ಮರಳಿ ಬರಲೂ ಅವಕಾಶ. ನಿಯಮ ಒಳ್ಳೆಯದೇ. ಆದರೆ ಎರಡು ವರ್ಷದ ಆ ಡಿಪ್ಲೊಮಾವನ್ನು ನೋಡಿ ಕೆಲಸ ಕೊಟ್ಟ ಮಾಲೀಕರನ್ನು ನಾವಿನ್ನೂ ಕಂಡಿಲ್ಲ. ಮರಳಿ ಬರುವ ಬಾಗಿಲು ಎಂದೇ ಅದನ್ನು ತಿಳಿಯುವುದು ಮೇಲು, ಹೊರಗೆ ಹೋಗುವ ಬಾಗಿಲು ಎಂದಲ್ಲ.

ಮುಕ್ತ ವಿಶ್ವವಿದ್ಯಾಲಯದ ದಾರಿ ಅಗ್ಗವೆಂದು ಮೇಲೆ ಹೇಳಿದೆವು. ಮುಗಿಸುವುದು ಅಷ್ಟೇ ಕಷ್ಟವೆಂದು ಅನುಭವದಿಂದ ಹೇಳುತ್ತೇವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ, ನಾಸಿಕದ ಯಶವಂತರಾವ್ ಚವಾಣ ಮುಕ್ತ ವಿಶ್ವವಿದ್ಯಾಲಯ 1989ರಲ್ಲಿ ಸ್ಥಾಪನೆಯಾದವು. ಮುಂಬಯಿ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1971ರಷ್ಟು ಹಳೆಯದು. ಮಾನ್ಯತೆಯುಳ್ಳ ಇಂಥ ಸಂಸ್ಥೆಗಳ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ‘ಮಾನ್ಯತೆಯುಳ್ಳ’ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ಸ್ಟೇಷನ್ನಿನ ಹೊರಗೆ ‘ಒಂದೇ ವರ್ಷದಲ್ಲಿ ಪದವಿ’ ಎಂದು ಚೀಟಿ ಹಂಚುವವರ ಬಳಿ ಹಣ ಕಟ್ಟಬೇಡಿ. ಆಯೋಗವು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಪ್ರಕಟಿಸುತ್ತದೆ, ಮೊದಲು ಅದನ್ನು ನೋಡಿ.

ಇನ್ನು ಹೆಣ್ಣುಮಕ್ಕಳ ವಿಷಯ. ‘ಮದುವೆಯಾಗಿ ಹೋಗುವವಳಿಗೆ ಕಾಲೇಜು ಏಕೆ?’ ಎಂಬ ಮಾತು ನಮ್ಮ ವಾಚನಾಲಯದಲ್ಲೂ ಕೇಳಿಬರುತ್ತದೆ, ಓದಿದವರ ಬಾಯಿಂದಲೇ. ನಮ್ಮ ಅಕ್ಕನ ಸಂಗತಿ ಹೇಳುತ್ತೇವೆ. ಭಾವನವರು 2021ರಲ್ಲಿ ತೀರಿಕೊಂಡರು. ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಕೆಲಸ ಹುಡುಕಲು ಹೊರಟಾಗ ಅವಳಿಗೆ ಸಿಕ್ಕಿದ್ದು ಎರಡೇ, ಮನೆಗೆಲಸ ಅಥವಾ ಡಬ್ಬಿಯ ಅಡಿಗೆ. ಡಬ್ಬಿ ಹಿಡಿದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೂವತ್ತು ಡಬ್ಬಿ ತುಂಬುತ್ತಾಳೆ. ಅವಳ ಮಗಳು ಹನ್ನೆರಡನೆಯದು ಪಾಸಾದಾಗ ಬೀಗರ ಕಡೆಯಿಂದ ಸಂಬಂಧ ಬಂತು. ಹಿರಿಯರೆಲ್ಲ ಕೂಡಿದ ಸಭೆಯಲ್ಲಿ ಅಕ್ಕ ಒಂದೇ ಮಾತು ಹೇಳಿದಳು: “ಅಕೀ ಕೈಯಾಗ ಒಂದು ಕಾಗದ ಇರ್ಲಿ. ನಾ ಕಂಡದ್ದು ಅಕೀ ಕಾಣೂದು ಬ್ಯಾಡ.” ಇದು ಪಗಾರದ ಲೆಕ್ಕವಲ್ಲ, ವಿಮೆಯ ಲೆಕ್ಕ. ವಿಮೆಯ ಕಂತು ಕಟ್ಟುವಾಗ ‘ಸಾಯದಿದ್ದರೆ ಹಣ ವ್ಯರ್ಥ’ ಎಂದು ಯಾರೂ ಅಳುವುದಿಲ್ಲವಷ್ಟೆ. ಹುಡುಗಿ ಈಗ ಮುಂಜಾನೆ ಕಾಲೇಜಿಗೆ ಹೋಗಿ ಮಧ್ಯಾಹ್ನ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೂರುತ್ತಾಳೆ.

ಇಂಜಿನಿಯರಿಂಗಿನಂಥ ವೃತ್ತಿಶಿಕ್ಷಣ ಬಯಸುವ ಹುಡುಗಿಯರಿಗೆ ಒಂದು ಸುದ್ದಿ: ಮಹಾರಾಷ್ಟ್ರ ಸರ್ಕಾರ 2024ರ ಜುಲೈಯಲ್ಲಿ ಹೊರಡಿಸಿದ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಆರ್ಥಿಕವಾಗಿ ದುರ್ಬಲ ಹಾಗೂ ಹಿಂದುಳಿದ ವರ್ಗಗಳಿಗೆ ಸೇರಿ, ಕೇಂದ್ರೀಕೃತ ಪದ್ಧತಿಯಿಂದ ಪ್ರವೇಶ ಪಡೆದ ಹುಡುಗಿಯರ ಬೋಧನಾ ಹಾಗೂ ಪರೀಕ್ಷಾ ಶುಲ್ಕ ಪೂರ್ಣ ಮಾಫಿ. ಮಧ್ಯವರ್ತಿಗೆ ಹಣ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿದರೆ ಈ ಸವಲತ್ತು ಸಿಗುವುದಿಲ್ಲ.

ಸಾಲದ ಬಗೆಗೆ ಎರಡು ಮಾತು. ಬ್ಯಾಂಕಿನ ಶಿಕ್ಷಣ ಸಾಲ ಕೆಟ್ಟದ್ದಲ್ಲ, ಲೇವಾದೇವಿಯವನ ಸಾಲಕ್ಕಿಂತ ನೂರು ಪಾಲು ಮೇಲು. ಆದರೆ ‘ಓದು ಮುಗಿದ ಮೇಲೆ ಕಟ್ಟಿದರಾಯಿತು’ ಎಂದು ಹೇಳುವವರು ಬಡ್ಡಿ ಆಗಲೂ ಬೆಳೆಯುತ್ತಿರುತ್ತದೆ ಎಂಬುದನ್ನು ಹೇಳುವುದಿಲ್ಲ. ವರ್ಷಕ್ಕೆ 1 ಲಕ್ಷದಂತೆ 4 ವರ್ಷ ಸಾಲ ತೆಗೆದಿರಿ, ಬಡ್ಡಿ ನೂರಕ್ಕೆ 10, ಓದಿನ ಬಳಿಕ 1 ವರ್ಷ ಬಿಡುವು ಎನ್ನೋಣ. ಸರಳ ಬಡ್ಡಿಯೇ ಆದರೂ ಕಂತು ಶುರುವಾಗುವ ದಿನ ಸಾಲ 5,40,000 ಆಗಿರುತ್ತದೆ. 7 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 9,000 ಕಂತು, ಒಟ್ಟು ಏಳೂವರೆ ಲಕ್ಷ. ಹುಡುಗನ ಮೊದಲ ಪಗಾರ 18,000 ಆದರೆ ಅರ್ಧ ಬ್ಯಾಂಕಿಗೆ. ಈ 9,000ವನ್ನು ಪ್ರವೇಶದ ದಿನವೇ ಕಾಗದದ ಮೇಲೆ ಬರೆದುಕೊಂಡು, ಆ ಕಾಲೇಜಿನಿಂದ ಕಳೆದ ವರ್ಷ ಹೊರಬಿದ್ದ ನಾಲ್ಕು ಹುಡುಗರನ್ನು ಹುಡುಕಿ, ಈಗ ಎಲ್ಲಿದ್ದೀರಿ, ಏನು ಸಿಗುತ್ತದೆ ಎಂದು ಕೇಳಿ. ಕಾಲೇಜಿನ ಬಣ್ಣದ ಪುಸ್ತಿಕೆಯನ್ನು ನಂಬಬೇಡಿ.

ಕೊನೆಗೆ, ವಲಸೆ ಬಂದ ನಮ್ಮಂಥವರಿಗೆ ಮಾತ್ರ ಬೀಳುವ ಒಂದು ಖರ್ಚು, ಕಾಗದಪತ್ರಗಳದ್ದು. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1990ರಲ್ಲೇ ತೀರ್ಪಿತ್ತಿದೆ. ಆಂಧ್ರದಿಂದ ತಂದೆಯೊಡನೆ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ಇಲ್ಲಿಯ ವೈದ್ಯಕೀಯ ಕಾಲೇಜಿನ ಮೀಸಲು ಸೀಟು ಕೇಳಿದ ಪ್ರಕರಣ ಅದು. ಒಂದು ರಾಜ್ಯದ ಪಟ್ಟಿಯಲ್ಲಿದ್ದವನು ವಲಸೆ ಹೋದ ರಾಜ್ಯದಲ್ಲಿ ಆ ಹಕ್ಕು ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಇಲ್ಲಿ ಪ್ರಮಾಣಪತ್ರ ಬೇಕೆಂದರೆ ಕುಟುಂಬ ಹಳೆಯ ಒಂದು ದಿನಾಂಕಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಆದರೆ ತಂದೆಯ ಊರಿನ ಪ್ರಮಾಣಪತ್ರದ ಆಧಾರದ ಮೇಲೆ ಪರಿಶಿಷ್ಟರ ಮಕ್ಕಳು ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ, ನೌಕರಿಗಳಲ್ಲಿ ಸೌಲಭ್ಯ ಪಡೆಯಬಹುದು. ಇದನ್ನು ತಿಳಿಯದೆ ಸುಮ್ಮನೆ ಕುಳಿತವರು ಬಹಳ.

ಇನ್ನೊಂದು ತಪ್ಪು ನಮ್ಮವರು ಪ್ರೀತಿಯಿಂದಲೇ ಮಾಡುತ್ತಾರೆ. ಖೋಲಿ ಸಣ್ಣದೆಂದು, ಊರಲ್ಲಿ ಅಜ್ಜಿ ಇದ್ದಾಳೆಂದು ಮಗನನ್ನು ಎಸ್.ಎಸ್.ಎಲ್.ಸಿ.ಗೆ ಊರಿಗೆ ಕಳಿಸುತ್ತಾರೆ. ಇಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ ನಿಂತಾಗ ಅದು ತೊಡಕಾಗುತ್ತದೆ. ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿ, ಇಲ್ಲೇ ಹುಟ್ಟಿದ ಅಥವಾ ವಾಸ್ತವ್ಯ ಪತ್ರವುಳ್ಳವನ ದಾರಿ ಸಲೀಸು. ಹಾಗಿಲ್ಲದವನು ವಾಸ್ತವ್ಯ ಪತ್ರ ತರಬೇಕು, ಅದಕ್ಕೆ 15 ವರ್ಷ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು. ವರ್ಷಕ್ಕೊಂದು ಚಾಳು ಬದಲಿಸಿದವನ ಬಳಿ ದಾಖಲೆ ಎಲ್ಲಿಂದ ಬರಬೇಕು? ಇನ್ನು ಕರ್ನಾಟಕದ ಸಿ.ಇ.ಟಿ.ಯಲ್ಲಿ ಹೊರನಾಡ ಕನ್ನಡಿಗರಿಗೆಂದು ಒಂದು ಬಾಗಿಲಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಬರೆಯಲು ಬರಬೇಕು. ನಮ್ಮ ವಾಚನಾಲಯದ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸದವರು ಇದನ್ನು ಗಮನಿಸಬೇಕು.

ಗೌಂಡಿ ಕಾಕಾನ ಹುಡುಗನನ್ನು ಕರೆಸಿ ಅವನ ಕೈಯಿಂದಲೇ ಈ ಎಲ್ಲ ಲೆಕ್ಕ ಬರೆಸಿದೆವು. ಐ.ಟಿ.ಐ. ಬೇಡವೆಂದ, ಲೆಕ್ಕಪತ್ರವೇ ತನಗೆ ಹಿಡಿಸುತ್ತದೆಂದ. ಮುಂಜಾನೆಯ ತರಗತಿಗಳಿರುವ ಅನುದಾನಿತ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಮಧ್ಯಾಹ್ನದಿಂದ ಔಷಧದ ಅಂಗಡಿಯಲ್ಲಿ ಕೆಲಸ. ಎಂಟು ವರ್ಷದ ಲೆಕ್ಕವನ್ನು ಕಾಕಾ ಬೆರಳು ಮಡಿಚಿ ಎಣಿಸಿದರು. “ಅಷ್ಟೊತ್ತಿಗಿ ನನಗ ಅರವತ್ತಾಗ್ತದ ಮಾಸ್ತರ. ಹೊರಸಾಲಿ ಹತ್ತೂದು ಆಗ್ಲಿಕ್ಕಿಲ್ಲ. ನಡೀತದ ಬಿಡ್ರಿ, ಅವ ಮುಗಿಸಿದ್ರ ಸಾಕು.” ಮುಗಿಸುವ ಬಗ್ಗೆ ಹುಡುಗನಿಂದ ನಾವು ಮಾತು ತೆಗೆದುಕೊಂಡಿದ್ದೇವೆ. ನಮ್ಮ ಟ್ರಂಕಿನ ಪುಸ್ತಕಗಳಲ್ಲಿ ಲೆಕ್ಕಶಾಸ್ತ್ರದ್ದೊಂದನ್ನು ಅವನಿಗೆ ಕೊಟ್ಟೆವು. ತೆರಿಗೆಯದು ಹಳತಾಗಿ ಕೆಲಸಕ್ಕೆ ಬರಲಿಲ್ಲ.

ಶಿಷ್ಯವೃತ್ತಿಯ ಅರ್ಜಿ ತುಂಬಲು ನೆರವು ಬೇಕಾದವರು ಭಾನುವಾರ ಮುಂಜಾನೆ ಹತ್ತರ ನಂತರ ವಾಚನಾಲಯಕ್ಕೆ ಬರಬೇಕು. ಬರುವಾಗ ಶಾಲೆ ಬಿಟ್ಟ ಪ್ರಮಾಣಪತ್ರ, ಎರಡೂ ಅಂಕಪಟ್ಟಿಗಳು, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ವಾಸ್ತವ್ಯ ಪತ್ರ, ಆಧಾರ್, ಬ್ಯಾಂಕಿನ ಪಾಸುಪುಸ್ತಕ ಇವುಗಳ ಮೂಲಪ್ರತಿ ಹಾಗೂ ಜೆರಾಕ್ಸ್ ತರಬೇಕು. ತಂದೆಯ ಹೆಸರಿನ ಅಕ್ಷರಗಳು ಎಲ್ಲ ಕಾಗದಗಳಲ್ಲೂ ಒಂದೇ ಬಗೆಯಲ್ಲಿವೆಯೇ ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ. ಊರಿನ ಶಾಲೆಯಲ್ಲಿ ಒಂದು ಬಗೆ, ಇಲ್ಲಿಯ ಪಡಿತರ ಚೀಟಿಯಲ್ಲಿ ಮರಾಠಿಯ ಇನ್ನೊಂದು ಬಗೆ ಆಗಿ, ಕಳೆದ ವರ್ಷ ಇಬ್ಬರ ಅರ್ಜಿ ತಿರಸ್ಕೃತವಾಯಿತು.